ಕನ್ನಡಿ ಕಸೂತಿ ಮತ್ತು ಕೌತುಕದ ಕಣ್ಣು

ಪ್ರತಿವರ್ಷ ಫೆಬ್ರುವರಿ ತಿಂಗಳ ನಡುಭಾಗದಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ನಾಡಿನ ನಾನಾ ತಾಂಡಾಗಳಿಂದ ಬಂಜಾರ ಭಕ್ತರು ಬಂದು ಸೇರುತ್ತಾರೆ. ಹಲವರು ದಿನಗಟ್ಟಲೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಭಾಯಾಗಡ್ ಎಂದು ಅವರು ಕರೆಯುವ ಈ ನೆಲ ಸಂತ ಸೇವಾಲಾಲರ ಜನ್ಮಭೂಮಿ ಎಂಬುದು ಅವರ ಪರಂಪರೆಯ ನಂಬಿಕೆ. 1739ರ ಫೆಬ್ರುವರಿ 15ನ್ನು ಸಂತರು ಹುಟ್ಟಿದ ದಿನವೆಂದು ಆಚರಿಸಲಾಗುತ್ತದೆ. ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಈ ಸೀಮೆ ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯದ ವ್ಯಾಪ್ತಿಯೊಳಗಿದೆ. ಆದ್ದರಿಂದ ಈ ಜಾತ್ರೆ ನಮ್ಮ ಯಾಜಕರಲ್ಲಿ ಅನೇಕರಿಗೆ ನೆರೆಮನೆಯ ಹಬ್ಬ.

ಜಾತ್ರೆಗೆ ಈಚೆಗೆ ಇನ್ನೊಂದು ಬಗೆಯ ಸಂದರ್ಶಕರೂ ಬರುತ್ತಾರೆ. ಅವರು ಹರಕೆ ಹೊತ್ತವರಲ್ಲ, ಅಪರೂಪವಾದುದನ್ನು ಹುಡುಕಿ ಬಂದವರು. ಕನ್ನಡಿ ಹೊಲಿದ ಫೇಟಿಯಾ, ಬೆನ್ನಿಗೆ ದಾರ ಕಟ್ಟುವ ಕಾಂಚಳಿ, ಮುಂಗೈಯಿಂದ ತೋಳಿನವರೆಗೆ ಏರಿದ ಬಿಳಿಯ ಬಳೆಗಳು, ಕೆನ್ನೆಯ ಪಕ್ಕದಲ್ಲಿ ತೂಗುವ ಬೆಳ್ಳಿಯ ಒಡವೆ ಇವೆಲ್ಲ ಅವರ ಮೊಬೈಲ್‌ನಲ್ಲಿ ಸೆರೆಯಾಗಿ, ಅರ್ಧ ನಿಮಿಷದ ದೃಶ್ಯತುಣುಕುಗಳಾಗಿ ಊರೂರು ಸುತ್ತುತ್ತವೆ. ನಮ್ಮ ಗುರುಮಠಗಳ ಸಾಂಸ್ಕೃತಿಕ ಸಂಜೆಗಳಿಗೂ ಕಾಣಿಕೆಯ ಮೆರವಣಿಗೆಗಳಿಗೂ ಲಂಬಾಣಿ ವೇಷ ಬಂದಿರುವುದು ಇದೇ ದಾರಿಯಿಂದ. ಕಲೆ, ವಿನ್ಯಾಸ, ಸಂಗೀತ ಮತ್ತು ದೃಶ್ಯಮಾಧ್ಯಮಗಳಲ್ಲಿ ವಿಚಿತ್ರವಾದುದನ್ನೂ ಹೊಸದಾದುದನ್ನೂ ಕಂಡುಹಿಡಿದು ಹಂಚಿಕೊಳ್ಳುವ ಈ ಉತ್ಸಾಹ ನಮ್ಮ ಕಾಲದ ಒಂದು ದೊಡ್ಡ ಹವ್ಯಾಸವಾಗಿದೆ. ಇದನ್ನು ದೈವಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ನನ್ನ ವಾದ ಸರಳವಾದುದು. ಕೌತುಕ ಪಾಪವಲ್ಲ, ಆದರೆ ಅದು ನಡುದಾರಿಯಲ್ಲಿ ನಿಂತುಬಿಟ್ಟರೆ ನೋಡಿದವನು ಏನನ್ನೂ ಕಂಡಿರುವುದಿಲ್ಲ.

ಅಥೇನಿಯರ ಹವ್ಯಾಸ

ಹೊಸತನದ ಹಸಿವು ಮೊಬೈಲ್‌ನಿಂದ ಹುಟ್ಟಿದ್ದಲ್ಲ. ಸಂತ ಪೌಲರು ಅಥೇನ್ಸಿಗೆ ಬಂದಾಗ, ಅಲ್ಲಿನ ನಾಗರಿಕರೂ ಅಲ್ಲಿ ನೆಲೆಸಿದ್ದ ಪರದೇಶೀಯರೂ ಹೊಸ ಸಂಗತಿಗಳನ್ನು ಹೇಳುವುದರಲ್ಲಿ, ಇಲ್ಲವೇ ಕೇಳುವುದರಲ್ಲಿ ಕಾಲ ಕಳೆಯುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯ ತಿಳಿಸುತ್ತದೆ. ಸಂತ ಲೂಕರು ಇದನ್ನು ಬರೆಯುವಾಗ ಅವರ ತುಟಿಯಂಚಿನಲ್ಲಿ ಸಣ್ಣ ನಗೆಯಿದ್ದಂತೆ ತೋರುತ್ತದೆ. ಆ ಜನ ಪೌಲರನ್ನು ಅರಿಯೊಪಾಗಕ್ಕೆ ಕರೆದೊಯ್ದದ್ದು ಪಶ್ಚಾತ್ತಾಪಪಡುವುದಕ್ಕಲ್ಲ. ಒಂದು ಹೊಸ ಸರಕು ಊರಿಗೆ ಬಂದಿದೆ ಎಂಬ ಕುತೂಹಲಕ್ಕೆ. ಪುನರುತ್ಥಾನದ ಮಾತು ಕಿವಿಗೆ ಬಿದ್ದೊಡನೆ ಕೆಲವರು ಹಾಸ್ಯ ಮಾಡಿದರು. ಕೆಲವರು ಇನ್ನೊಮ್ಮೆ ಕೇಳುತ್ತೇವೆಂದು ಎದ್ದುಹೋದರು. ಹೊಸದು ತಮ್ಮ ಬದುಕನ್ನು ಮುಟ್ಟಲು ಬಂದಾಗ ಅವರಿಗೆ ಅದು ಬೇಡವಾಯಿತು.

ಸಂತ ಅಗಸ್ಟೀನರು 'ಕನ್ಫೆಷನ್ಸ್' ಕೃತಿಯ ಹತ್ತನೆಯ ಭಾಗದಲ್ಲಿ, ಸಂತ ಯೊವಾನ್ನರ ಮೊದಲ ಪತ್ರದಲ್ಲಿ ಬರುವ ಕಣ್ಣಿನ ಆಸೆ ಎಂಬ ಮಾತನ್ನು ಇದೇ ಹಸಿವಿಗೆ ಅನ್ವಯಿಸುತ್ತಾರೆ. ಅವರು ಕೊಡುವ ಉದಾಹರಣೆಗಳು ಸ್ವಾರಸ್ಯಕರವಾಗಿವೆ. ಬಯಲಿನಲ್ಲಿ ಮೊಲವನ್ನು ಅಟ್ಟುವ ನಾಯಿ, ನೊಣವನ್ನು ಹಿಡಿಯುವ ಹಲ್ಲಿ, ಬಲೆಗೆ ಬಿದ್ದ ಹುಳುವನ್ನು ಸುತ್ತುವ ಜೇಡ. ಹದಿನಾರು ಶತಮಾನಗಳ ಹಿಂದೆ ಬರೆದ ಈ ಪಟ್ಟಿ, ಇಂದು ರಾತ್ರಿ ನಿದ್ದೆಗೆ ಮುನ್ನ ನಮ್ಮ ಬೆರಳು ಸರಿಸುತ್ತಾ ಹೋಗುವ ದೃಶ್ಯತುಣುಕುಗಳ ಪಟ್ಟಿಯಂತೆಯೇ ಇದೆ. ಆ ದೃಶ್ಯಗಳಲ್ಲಿ ಕೆಡುಕೇನೂ ಇಲ್ಲವೆಂಬುದು ಅಗಸ್ಟೀನರಿಗೂ ಗೊತ್ತಿತ್ತು. ನೋಡುವುದರಿಂದ ಹೊರಟು ಸೃಷ್ಟಿಕರ್ತನನ್ನು ಸ್ತುತಿಸುವಲ್ಲಿಗೆ ತಾವು ಮುಟ್ಟಬಹುದು, ಆದರೆ ನೋಡಲು ಆರಂಭಿಸಿದ್ದು ಸ್ತುತಿಗಾಗಿ ಅಲ್ಲ ಎಂಬುದು ಅವರ ಸೂಕ್ಷ್ಮವಾದ ಆತ್ಮಶೋಧ.

ಸಂತ ತೋಮಾಸ್ ಅಕ್ವಿನಾಸರು ಈ ಚರ್ಚೆಗೆ ಕ್ರಮವನ್ನು ತಂದರು. 'ಸುಮ್ಮ ಥಿಯೊಲಾಜಿಯೆ'ಯ ಎರಡನೆಯ ಭಾಗದ ದ್ವಿತೀಯ ವಿಭಾಗದಲ್ಲಿ 166ನೆಯ ಪ್ರಶ್ನೆ ಅಧ್ಯಯನಶೀಲತೆಯನ್ನೂ, 167ನೆಯ ಪ್ರಶ್ನೆ ಅದರ ವಿರುದ್ಧ ನಿಲ್ಲುವ ಕುತೂಹಲದ ಚಾಪಲ್ಯವನ್ನೂ ಕುರಿತದ್ದು. ಇವೆರಡೂ ಅರಿವಿನ ಬಯಕೆಯೇ. ಅಧ್ಯಯನಶೀಲತೆ ಸಂಯಮವೆಂಬ ಸದ್ಗುಣದ ಮಡಿಲಿಗೆ ಸೇರಿದ್ದು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆ ಓದುತ್ತಾರೆ, ಓದಿ ಮರೆಯುತ್ತಾರೆ. ಉಣ್ಣುವುದರಲ್ಲಿ ಹೇಗೋ ಹಾಗೆಯೇ ನೋಡುವುದರಲ್ಲಿಯೂ ಸಂಯಮವಿದೆ ಎಂಬ ಮಾತು ಇಂದು ಹೊಸದಾಗಿ ಕೇಳಿಸುತ್ತದೆ. ಕಂಡದ್ದನ್ನೆಲ್ಲ ರುಚಿ ನೋಡಿ ಎಲೆಯಲ್ಲೇ ಬಿಟ್ಟು ಏಳುವವನು ಉಂಡವನಲ್ಲ.

ಬಟ್ಟೆಯನ್ನು ಓದುವ ಬಗೆ

ಹಾಗಾದರೆ ಲಂಬಾಣಿ ಕಸೂತಿಯನ್ನು ಉಂಡವನಂತೆ ನೋಡುವುದು ಎಂದರೇನು? ಮೊದಲು ಅದನ್ನು ಬಟ್ಟೆಯಾಗಿ ನೋಡಬೇಕು. ಸೂರಗೊಂಡನಕೊಪ್ಪದ ಜಾತ್ರೆಯಲ್ಲಿ ಹಿರಿಯ ಹೆಣ್ಣುಮಕ್ಕಳ ಮೈಮೇಲೆ ಕಾಣುವ ಈ ಕೆಲಸದ ವ್ಯಾಕರಣವನ್ನು ಇಂದು ಹೆಚ್ಚು ವ್ಯವಸ್ಥಿತವಾಗಿ ಉಳಿಸಿಕೊಂಡಿರುವುದು ಬಳ್ಳಾರಿ ಜಿಲ್ಲೆಯ ಸಂಡೂರು ಸೀಮೆ. ಅಲ್ಲಿ 'ಸಂಡೂರು ಲಂಬಾಣಿ ಕಸೂತಿ' ಎಂಬ ಹೆಸರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಈ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಎಣಿಸುವುದು ವಾಡಿಕೆ. ಕಿಲನ್, ವೇಲೆ, ಬಕ್ಕ್ಯ, ಮಕಿ, ಸೂರ್ಯಕಾಂತಿ ಮಕಿ, ಕೌಡಿ, ರೇಲೋ, ಗದ್ರಿ, ಪೋಟೆ, ನಾಕ್ರಾ ಅವುಗಳಲ್ಲಿ ಕೆಲವು. ಹೆಸರುಗಳನ್ನು ಬಾಯಿಬಿಟ್ಟು ಓದಿದರೆ ಒಂದು ಲೋಕವೇ ತೆರೆದುಕೊಳ್ಳುತ್ತದೆ. ಅಲ್ಲಿ ಹೂವಿದೆ, ಕವಡೆಯಿದೆ. ಹೆಸರಿಟ್ಟವರು ತಾವು ಕಂಡದ್ದನ್ನು ದಾರದಲ್ಲಿ ದಾಖಲಿಸಿದವರು.

ಎರಡನೆಯದಾಗಿ, ಈ ಬಟ್ಟೆ ತುಂಡುಗಳಿಂದ ಆದದ್ದು. ಹಳೆಯ ಅರಿವೆಯನ್ನು ಎಸೆಯದೆ, ಚೂರಿಗೆ ಚೂರು ಜೋಡಿಸಿ, ಅಂಚಿಗೆ ಅಂಚು ಹೊಲಿದು, ಅದರ ಮೇಲೆ ಕನ್ನಡಿ, ಕವಡೆ, ನಾಣ್ಯಗಳನ್ನು ಕೂರಿಸುವ ಕೆಲಸವಿದು. ಎತ್ತುಗಳ ಹೇರಿನ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೊತ್ತು ದಖ್ಖನ್ನಿನ ಉದ್ದಗಲ ನಡೆದ ಜನಕ್ಕೆ ಬೇರೆ ಪೆಟ್ಟಿಗೆ ಪಠಾರಿಗಳಿರಲಿಲ್ಲ. ಸಂಪತ್ತು ಮೈಮೇಲೆಯೇ ಇರಬೇಕಿತ್ತು, ನೆನಪೂ ಮೈಮೇಲೆಯೇ ಇರಬೇಕಿತ್ತು. ರೈಲು ಬಂದು ಅವರ ಹೇರನ್ನು ಕಿತ್ತುಕೊಂಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳು ಹಲವು ಕಡೆ ಅವರ ಮೇಲೂ ಬಿತ್ತು. ಅಲೆದವರು ತಾಂಡಾಗಳಲ್ಲಿ ನಿಂತರು. ನಿಂತವರು ಇಂದು ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಕಟ್ಟಡದ ಕೆಲಸಕ್ಕೆ ಮತ್ತೆ ಗುಳೆ ಹೋಗುತ್ತಿದ್ದಾರೆ. ಈ ಇತಿಹಾಸವನ್ನು ಬಿಟ್ಟು ಕಸೂತಿಯ ಬಣ್ಣವನ್ನಷ್ಟೇ ಹೊಗಳುವುದು, ಕೀರ್ತನೆಯ ಪದಗಳನ್ನು ಬಿಟ್ಟು ಅದರ ರಾಗವನ್ನಷ್ಟೇ ಗುನುಗಿದಂತೆ.

ಮೂರನೆಯದು ಕನ್ನಡಿ. ದೃಷ್ಟಿ ತಾಕದಿರಲೆಂದು ಕನ್ನಡಿ ಹೊಲಿಯುತ್ತಾರೆ ಎಂಬ ವಿವರಣೆ ಜನಜನಿತವಾಗಿದೆ. ಇದರ ಸೂಕ್ಷ್ಮವನ್ನು ಗಮನಿಸಬೇಕು. ನೋಡುವ ಕಣ್ಣು ಕೇಡು ಮಾಡಬಲ್ಲದು ಎಂಬುದನ್ನು ಈ ಬಟ್ಟೆ ಮೊದಲೇ ಬಲ್ಲದು. ಅದು ನೋಟವನ್ನು ನುಂಗುವುದಿಲ್ಲ, ಬಂದ ದಿಕ್ಕಿಗೆ ಹಿಂದಿರುಗಿಸುತ್ತದೆ. ಲಂಬಾಣಿ ಹೆಣ್ಣುಮಗಳೊಬ್ಬಳ ಚಿತ್ರವನ್ನು ತೀರ ಹತ್ತಿರದಿಂದ ತೆಗೆದವನು ಅದನ್ನು ದೊಡ್ಡದು ಮಾಡಿ ನೋಡಿದರೆ, ಆ ಸಣ್ಣ ಸಣ್ಣ ಗಾಜಿನ ಬಿಲ್ಲೆಗಳಲ್ಲಿ ಕೈಯೆತ್ತಿ ಮೊಬೈಲ್ ಹಿಡಿದು ನಿಂತ ತನ್ನದೇ ಆಕಾರವನ್ನು ಕಂಡಾನು. ವಿಮರ್ಶಕನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತದೆ ಗಾದೆ. ಆದರೆ ನಮ್ಮ ಕಣ್ಣಿನ ಹುಣ್ಣಿಗೆ ಕನ್ನಡಿ ಬೇಕೇ ಬೇಕು.

ಎಣಿಕೆಯ ಮಿತಿ

2023ರ ಜುಲೈ ತಿಂಗಳಲ್ಲಿ ಜಿ20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಗುಂಪಿನ ಸಭೆ ಹಂಪಿಯಲ್ಲಿ ನಡೆದಾಗ, ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಂದೇ ಕಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಸ್ಥಾಪಿಸಲಾಯಿತು. ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ಸೇರಿದ 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸ ಅದು. ಈ ಘಟನೆಯನ್ನು ಹಗುರವಾಗಿ ಕಾಣಲಾಗದು. ತಾಂಡಾದ ಕೈಗಳ ಕೆಲಸ ಲೋಕದ ಪ್ರತಿನಿಧಿಗಳ ಮುಂದೆ ತಲೆಯೆತ್ತಿ ನಿಂತಿತು; ಕೆಲಸಕ್ಕೆ ಮಾರುಕಟ್ಟೆಯೂ ಮನ್ನಣೆಯೂ ದೊರೆಯುವ ದಾರಿ ತೆರೆಯಿತು. ಗಣಿಯ ಕೆಂಧೂಳಿನ ಸಂಡೂರಿನಲ್ಲಿ ಸೂಜಿಯಿಂದ ಒಂದು ಹೊತ್ತಿನ ಊಟ ಹುಟ್ಟುವುದು ಸಣ್ಣ ಮಾತಲ್ಲ.

ಆದರೂ ವಿಮರ್ಶೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ದಾಖಲೆ ಎಣಿಸಿದ್ದು ಏನನ್ನು? ವಸ್ತುಗಳನ್ನು. 1755 ಎಂಬ ಸಂಖ್ಯೆ ಸುದ್ದಿಯಾಯಿತು. ಆ ವಸ್ತುಗಳಲ್ಲಿ ಯಾವ ಹೊಲಿಗೆ ಯಾರಿಂದ ಬಂತು, ತಾಯಿಯಿಂದ ಮಗಳಿಗೆ ಬಂದದ್ದು ಯಾವುದು, ಕೊಳ್ಳುವವರ ರುಚಿಗೆ ಬದಲಾದದ್ದು ಯಾವುದು ಎಂಬುದನ್ನು ಸಂಖ್ಯೆ ಹೇಳಲಾರದು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹೆಚ್ಚು, ಹಿಂದೆಂದೂ ಕಾಣದ್ದು ಎಂಬ ಮಾತುಗಳು ಕೌತುಕದ ಭಾಷೆಗೆ ಸೇರಿದವು. ಕೌತುಕಕ್ಕೆ ರಾಶಿ ಬೇಕು. ಅಧ್ಯಯನಕ್ಕೆ ಒಂದು ಕಾಂಚಳಿ ಸಾಕು. ಅದನ್ನು ಮಗುಚಿ ಹಿಂಬದಿಯ ದಾರವನ್ನು ನೋಡುವಷ್ಟು ಹೊತ್ತು ಮಾತ್ರ ಬೇಕು.

ಸಂಗೀತದ ವಿಷಯದಲ್ಲಿಯೂ ಇದೇ ಮಾತು. ಹೋಳಿಯ ಕಾಲದಲ್ಲಿ ಬಂಜಾರರು ಹಾಡುವ ಲೇಂಗಿ ಹಾಡುಗಳು ಈಗ ಕೀಬೋರ್ಡ್ ಮತ್ತು ಡಿಜೆ ಬಡಿತದೊಡನೆ ಹೊಸ ರೂಪ ತಾಳಿವೆ. ಇದನ್ನು ಕಲುಷಿತವೆಂದು ಮೂಗು ಮುರಿಯುವ ಶುದ್ಧಿವಾದಿಗಳಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ತಾಂಡಾದ ಹುಡುಗ ತನ್ನ ಗೋರ್ ಬೋಲಿಯ ಹಾಡಿಗೆ ತಾನೇ ಹೊಸ ತಾಳ ಕೂರಿಸಿ, ತಾನೇ ಚಿತ್ರೀಕರಿಸಿ, ತನ್ನ ಜನಕ್ಕೆ ತಲುಪಿಸುವಾಗ ಅದು ಜೀವಂತ ಪರಂಪರೆಯ ಉಸಿರಾಟ. ಅಲ್ಲಿ ಹೊಸತನವಿದೆ, ಅದಕ್ಕೊಬ್ಬ ಒಡೆಯನೂ ಇದ್ದಾನೆ. ಆದರೆ ತವರನ್ನು ಬಿಟ್ಟು ಹೊರಡುವ ಮದುಮಗಳು ಅಳುತ್ತಾ ಹಾಡುವ ಢಾವಲೋ ಹಾಡನ್ನು ಹೊರಗಿನವನೊಬ್ಬ ತುಣುಕಾಗಿ ಕತ್ತರಿಸಿ ತನ್ನ ಪ್ರವಾಸದ ಚಿತ್ರಕ್ಕೆ ಹಿನ್ನೆಲೆಯಾಗಿ ಹಾಕಿಕೊಂಡರೆ, ಅಳು ಅಲಂಕಾರವಾಗುತ್ತದೆ. ಎರಡೂ ಕಡೆ ತಂತ್ರ ಒಂದೇ, ಮಾಧ್ಯಮ ಒಂದೇ. ವ್ಯತ್ಯಾಸವಿರುವುದು ಹಾಡಿನ ಋಣ ಯಾರಿಗೆ ಸಲ್ಲುತ್ತದೆ ಎಂಬಲ್ಲಿ.

ಧರ್ಮಸಭೆಯ ಸಂಗ್ರಹ

ಈ ಪ್ರಶ್ನೆಯನ್ನು ಹೊರಗಿನವರಿಗೆ ಮಾತ್ರ ಕೇಳಿ ನಾವು ಮನೆಗೆ ಹೋಗುವಂತಿಲ್ಲ. 1907ರ ಸುಮಾರಿಗೆ ಪ್ಯಾರಿಸಿನ ಟ್ರೊಕಡೆರೊ ಸಂಗ್ರಹಾಲಯದಲ್ಲಿ ಪಿಕಾಸೊ ಆಫ್ರಿಕಾದ ಮುಖವಾಡಗಳನ್ನು ಕಂಡದ್ದು ಆಧುನಿಕ ಕಲೆಯ ಚರಿತ್ರೆಯಲ್ಲಿ ದೊಡ್ಡ ಶೋಧವೆಂದು ದಾಖಲಾಗಿದೆ. ಕಂಡವನ ಹೆಸರು ಉಳಿಯಿತು, ಕೆತ್ತಿದವರ ಹೆಸರು ಉಳಿಯಲಿಲ್ಲ. ಹದಿನೆಂಟು ವರ್ಷಗಳ ತರುವಾಯ, 1925ರ ಜೂಬಿಲಿ ವರ್ಷದಲ್ಲಿ, ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ವ್ಯಾಟಿಕನ್ನಿನಲ್ಲಿ ಮಿಷನರಿ ಮಹಾಪ್ರದರ್ಶನವನ್ನು ಏರ್ಪಡಿಸಿದರು. ಲೋಕದ ಮೂಲೆಮೂಲೆಗಳಿಂದ ಸುಮಾರು ಒಂದು ಲಕ್ಷ ವಸ್ತುಗಳು ರೋಮಿಗೆ ಬಂದವು. ಅದರಲ್ಲಿ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿದ್ದವು. ಕೊಡದೆ ವಿಧಿಯಿಲ್ಲದ ಕಾಲದಲ್ಲಿ ಕೈಬಿಟ್ಟವುಗಳೂ ಇದ್ದವೆಂದು ಕೆನಡಾದ ಮೂಲನಿವಾಸಿಗಳು ಬಹುಕಾಲದಿಂದ ಹೇಳುತ್ತ ಬಂದರು. ಕೊನೆಗೆ 2025ರ ನವೆಂಬರಿನಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅಂತಹ 62 ವಸ್ತುಗಳನ್ನು, ಅವುಗಳ ಜನರಿಗೆ ಮುಟ್ಟಿಸಲೆಂದು, ಕೆನಡಾದ ಧರ್ಮಾಧ್ಯಕ್ಷರ ಕೈಗೆ ಒಪ್ಪಿಸಿದರು.

ಈ ನೂರು ವರ್ಷಗಳ ಪಯಣವನ್ನು ನಮ್ಮ ವಿದ್ಯಾರ್ಥಿಗಳು ಧರ್ಮಸಭೆಯ ಸಂಸ್ಕೃತೀಕರಣದ ಪಾಠದ ಜೊತೆಗಿಟ್ಟು ಓದಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಾರಾಧನಾ ಸಂವಿಧಾನವು 123ನೆಯ ಪರಿಚ್ಛೇದದಲ್ಲಿ, ಧರ್ಮಸಭೆ ಯಾವ ಒಂದು ಕಲಾಶೈಲಿಯನ್ನೂ ತನ್ನದೇ ಎಂದು ಹಿಡಿದುಕೊಂಡಿಲ್ಲವೆಂದು ಘೋಷಿಸಿತು. ಇದು ಬಾಗಿಲು ತೆರೆಯುವ ಮಾತು. ಆದರೆ ತೆರೆದ ಬಾಗಿಲಿನಿಂದ ಏನು ಬರಬೇಕು, ಹೇಗೆ ಬರಬೇಕು ಎಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ. ಶಾಲೆಯ ವಾರ್ಷಿಕೋತ್ಸವಗಳಿಗೆ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಸಿಗುವ ಲಂಬಾಣಿ ಉಡುಪು ಇಂದು ಯಂತ್ರದಲ್ಲಿ ಹೊಲಿದ ಪಾಲಿಯೆಸ್ಟರ್; ಅದರ ಕನ್ನಡಿ ಮಿಂಚುವ ಪ್ಲಾಸ್ಟಿಕ್ ಹಾಳೆ. ಬಾಡಿಗೆಯ ಆ ಉಡುಪನ್ನು ತೊಟ್ಟು ಬಲಿಪೀಠದ ಮುಂದೆ ಕುಣಿದು ಬಂದವರಲ್ಲಿ ತಾಂಡಾಕ್ಕೆ ಕಾಲಿಟ್ಟವರು ಎಷ್ಟು ಮಂದಿ? ಅದನ್ನು ಸಂಸ್ಕೃತೀಕರಣವೆಂದು ನಾವು ವರದಿ ಬರೆಯುತ್ತೇವೆ. ಕನ್ನಡಿಯೇ ಇಲ್ಲದ ಆ ಬಟ್ಟೆ ನಮ್ಮ ಮುಖವನ್ನು ನಮಗೆ ತೋರಿಸಲಾರದು.

ಇದಕ್ಕೆ ಪ್ರತಿಯಾದ ಮಾದರಿಗಳು ನಮ್ಮ ನಾಡಿನಲ್ಲಿಯೇ ಇವೆ. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಾಲ್ಕು ದಶಕಗಳಿವೆ. ಕಿಟ್ಟೆಲರಿಗೂ ಹೊಸ ಪದವೊಂದು ಸಿಕ್ಕಾಗ ಕೌತುಕ ಹುಟ್ಟಿರಲೇಬೇಕು. ಆದರೆ ಅವರು ಪದವನ್ನು ಆಡಿದವರ ಬಾಯಿಯಿಂದ ಕಿತ್ತು ತರಲಿಲ್ಲ. ಗಾದೆಯೊಡನೆ, ಬಳಕೆಯೊಡನೆ, ಕಾವ್ಯದ ಸಾಕ್ಷ್ಯದೊಡನೆ ಅದನ್ನು ಕನ್ನಡಿಗರಿಗೇ ಒಪ್ಪಿಸಿದರು. ನಮ್ಮ ಕಾಲದಲ್ಲಿ ಕಲಾವಿದ ಜ್ಯೋತಿ ಸಾಹಿಯವರು ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ಕಲಾ ಆಶ್ರಮ ಕಟ್ಟಿ ನೆಲೆಸಿದರು. 1980ರಲ್ಲಿ ಪ್ರಕಟವಾದ ಅವರ 'ದಿ ಚೈಲ್ಡ್ ಅಂಡ್ ದಿ ಸರ್ಪೆಂಟ್' ಕೃತಿ ಭಾರತದ ಜನಪದ ಸಂಕೇತಗಳ ಕುರಿತಾದದ್ದು. ಈ ಇಬ್ಬರ ಕ್ಷೇತ್ರ ಬೇರೆ, ಸಭೆ ಬೇರೆ, ಕಾಲ ಬೇರೆ. ಆದರೆ ಇಬ್ಬರಲ್ಲಿಯೂ ಕಾಣುವುದು ಒಂದೇ ಗುಣ. ಅವರು ಕಂಡದ್ದರ ಬಳಿಯಲ್ಲಿ ನಿಂತರು.

ಪಕ್ಕಕ್ಕೆ ತಿರುಗಿದ ಮೋಶೆ

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಕೌತುಕವಿಲ್ಲದೆ ಯಾವ ಅರಿವು ಆರಂಭವಾದೀತು? ಜಾತ್ರೆಯ ದೃಶ್ಯತುಣುಕನ್ನು ನೋಡಿಯೇ ಒಬ್ಬ ಗುರುವಿದ್ಯಾರ್ಥಿಗೆ ಬಂಜಾರರ ಇತಿಹಾಸ ಓದುವ ಮನಸ್ಸಾದರೆ, ಆ ತುಣುಕನ್ನು ಹಳಿಯುವುದು ಸರಿಯೇ? ಆಕ್ಷೇಪಣೆ ನ್ಯಾಯವಾದುದು. ಅದಕ್ಕೆ ಉತ್ತರವನ್ನು ಶ್ರೀಗ್ರಂಥವೇ ಕೊಡುತ್ತದೆ.

ವಿಮೋಚನಾಕಾಂಡದ ಮೂರನೆಯ ಅಧ್ಯಾಯದಲ್ಲಿ, ಕುರಿ ಕಾಯುತ್ತಿದ್ದ ಮೋಶೆ ಉರಿದರೂ ಸುಟ್ಟುಹೋಗದ ಪೊದೆಯನ್ನು ಕಾಣುತ್ತಾನೆ. ಈ ವಿಚಿತ್ರವೇನೆಂದು ನೋಡಲು ಅವನು ಪಕ್ಕಕ್ಕೆ ತಿರುಗುತ್ತಾನೆ. ವಿಮೋಚನೆಯ ಇಡೀ ಕಥೆ ಆರಂಭವಾಗುವುದು ಈ ಶುದ್ಧ ಕೌತುಕದಿಂದ. ಅವನು ನೋಡಲು ತಿರುಗಿದ್ದನ್ನು ಕಂಡ ಮೇಲೆಯೇ ದೇವರು ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ಆದ್ದರಿಂದ ತಿರುಗಿ ನೋಡುವ ಕಣ್ಣನ್ನು ದೈವಶಾಸ್ತ್ರ ಹಳಿಯಲಾರದು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹತ್ತಿರ ಬರಬೇಡ, ಕೆರ ಕಳಚು, ನೀನು ನಿಂತ ನೆಲ ಪವಿತ್ರ ಎಂಬ ಅರ್ಥದ ಮಾತು ಮೊದಲು ಬರುತ್ತದೆ. ಅದರ ಬೆನ್ನಿಗೇ, ನನ್ನ ಜನರ ಸಂಕಟವನ್ನು ಕಂಡಿದ್ದೇನೆ, ಅವರ ಗೋಳನ್ನು ಕೇಳಿದ್ದೇನೆ ಎಂಬ ದೇವರ ನುಡಿ ಬರುತ್ತದೆ. ಪೊದೆಯನ್ನು ನೋಡಲು ಹೋದವನಿಗೆ ಕೊನೆಗೆ ಕೇಳಿಸಿದ್ದು ಇಟ್ಟಿಗೆ ಮಾಡುವವರ ಅಳು.

ಹೊಸದನ್ನು ಕಂಡುಹಿಡಿಯುವ ಎಲ್ಲ ಕೆಲಸಕ್ಕೂ ಇದನ್ನೇ ಅಳತೆಗೋಲಾಗಿ ಇಡಬಹುದೆಂದು ನಾನು ತಿಳಿಯುತ್ತೇನೆ. ಮೊದಲನೆಯ ಹೆಜ್ಜೆ ತಿರುಗಿ ನೋಡುವುದು. ಎರಡನೆಯದು ಕೆರ ಕಳಚುವುದು. ಎಂದರೆ ಇದು ಇನ್ನೊಬ್ಬರ ನೆಲ, ಇನ್ನೊಬ್ಬರ ಪ್ರಾರ್ಥನೆಯ ಜಾಗ ಎಂದು ಅರಿಯುವುದು. ಮೂರನೆಯದು ಆ ಸೌಂದರ್ಯದ ಹಿಂದಿರುವ ಜನರ ದನಿಗೆ ಕಿವಿಗೊಡುವುದು. ಅಥೇನಿಯರು ಮೊದಲನೆಯ ಹೆಜ್ಜೆಯಲ್ಲಿ ನಿಂತರು. ರೋಮಿನ ಪ್ರದರ್ಶನದಿಂದ ಹೊರಟ ವಸ್ತುಗಳು ಎರಡನೆಯ ಹೆಜ್ಜೆಯಿಡಲು ನೂರು ವರ್ಷ ಹಿಡಿದವು. ಮೂರನೆಯ ಹೆಜ್ಜೆ ಎಲ್ಲರಿಗೂ ಕಷ್ಟ, ಏಕೆಂದರೆ ಅದು ಮೋಶೆಗಾದಂತೆ ನಮ್ಮನ್ನೂ ಎಲ್ಲಿಗೋ ಕಳುಹಿಸುತ್ತದೆ.

ಎರಡನೆಯ ಹೆಜ್ಜೆಯ ಬಗ್ಗೆ ಯಾಜಕರಾದ ನಾವು ವಿಶೇಷ ಎಚ್ಚರದಿಂದಿರಬೇಕು. ಸೂರಗೊಂಡನಕೊಪ್ಪ ಒಂದು ವಸ್ತುಪ್ರದರ್ಶನದ ಬಯಲಲ್ಲ. ಅದು ಒಂದು ಜನಾಂಗದ ಭಕ್ತಿಕ್ಷೇತ್ರ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು 'ನೊಸ್ತ್ರಾ ಎತಾತೆ' ಸಾರಿದೆ. ತಿರಸ್ಕರಿಸದಿರುವುದು ಎಂದರೆ ಕಸಿದುಕೊಳ್ಳುವುದು ಎಂದು ಅರ್ಥವಲ್ಲ. ಅವರ ಕಲೆಯನ್ನು ನಮ್ಮ ಗಾಳಕ್ಕೆ ಸಿಕ್ಕಿಸುವ ಎರೆಹುಳುವಾಗಿಸಿದರೆ ನಾವು ಕಲೆಗೂ ದ್ರೋಹ ಬಗೆದೆವು, ಶುಭಸಂದೇಶಕ್ಕೂ ದ್ರೋಹ ಬಗೆದೆವು. ಅವರ ಕನ್ನಡಿಗೆ ನಮ್ಮ ಅರ್ಥವನ್ನು ಅವಸರದಿಂದ ಅಂಟಿಸುವುದೂ ಒಂದು ಬಗೆಯ ಅತಿಕ್ರಮಣವೇ. ಪ್ರೀತಿ ಕೇಳಿ ತಿಳಿಯುತ್ತದೆ. ತಾನೇ ವ್ಯಾಖ್ಯಾನಿಸಿ ಮುಗಿಸುವುದಿಲ್ಲ.

ಮೂರನೆಯ ಹೆಜ್ಜೆಯಲ್ಲಿ ಕೆಲವು ಸರಳ ಕೆಲಸಗಳು ನಮ್ಮ ಕೈಗೆ ಎಟಕುವಂತಿವೆ. ಕಸೂತಿಯ ಪೂಜಾವಸ್ತ್ರವೋ ಬಲಿಪೀಠದ ಹಾಸೋ ಬೇಕೆನಿಸಿದರೆ ಹೊಲಿಯುವವರೊಡನೆಯೇ ಕುಳಿತು ಮಾತಾಡಬೇಕು. ಇಂತಹ ಬಳಕೆಗೆ ಅವರ ಮನಸ್ಸು ಒಪ್ಪುತ್ತದೆಯೇ ಎಂದು ಮೊದಲು ಕೇಳಬೇಕು, ಒಪ್ಪದಿದ್ದರೆ ಅಲ್ಲಿಗೇ ಬಿಡಬೇಕು. ಒಪ್ಪಿದರೆ ಚೌಕಾಸಿಯಿಲ್ಲದೆ ಕೂಲಿ ಕೊಡಬೇಕು, ಹೊಲಿದವರ ಹೆಸರನ್ನು ಅವರ ಅನುಮತಿಯಿಂದ ಬರೆದಿಡಬೇಕು. ಬಾಡಿಗೆಯ ಉಡುಪಿನ ನೃತ್ಯಕ್ಕೆ ಖರ್ಚಾಗುವ ಹಣದಲ್ಲಿ, ಹೆತ್ತವರು ಗುಳೆ ಹೋದಾಗ ಅಜ್ಜಿಯ ಬಳಿ ಉಳಿಯುವ ತಾಂಡಾದ ಮಗುವೊಂದರ ಪುಸ್ತಕದ ಖರ್ಚು ಸಾಗಬಹುದು. ದೃಶ್ಯತುಣುಕು ಹಂಚುವ ಮೊದಲು ಚಿತ್ರದಲ್ಲಿರುವ ತಾಯಿಗೆ ಅದನ್ನು ತೋರಿಸಿ, ಹಂಚಬಹುದೇ ಅಮ್ಮಾ ಎಂದು ಕೇಳುವ ಸೌಜನ್ಯ ನಮ್ಮ ಗುರುಮಠಗಳ ಮಾಧ್ಯಮ ತರಗತಿಯ ಮೊದಲ ಪಾಠವಾಗಬೇಕು. ಇವು ಕಲೆಯ ವಿಮರ್ಶೆಗೆ ಹೊರಗಿನ ಮಾತುಗಳಲ್ಲ. ಕೃತಿಯನ್ನು ಮಾಡಿದವರಿಂದ ಬೇರ್ಪಡಿಸದೆ ನೋಡುವುದೇ ಮನುಷ್ಯಾವತಾರವನ್ನು ನಂಬುವವರ ವಿಮರ್ಶೆ.

ಸ್ತ್ರೀಯರ ಕನ್ನಡಿಗಳು

ಶ್ರೀಗ್ರಂಥದಲ್ಲಿ ಕಲೆಗಾರರಿಗೆ ದೊರೆತ ಅತಿದೊಡ್ಡ ಗೌರವ ದೇವದರ್ಶನದ ಗುಡಾರದ ವೃತ್ತಾಂತದಲ್ಲಿದೆ. ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು ತಮ್ಮ ಆತ್ಮದಿಂದ ತುಂಬುತ್ತಾರೆ. ಕಸೂತಿಯಲ್ಲಿ ನಿಪುಣನಾದ ಒಹೊಲೀಯಾಬನನ್ನು ಅವನ ಜೊತೆಗೆ ಕೊಡುತ್ತಾರೆ. ಜಾಣ ಕೈಗಳ ಹೆಣ್ಣುಮಕ್ಕಳು ನೂಲು ತೆಗೆದು ತಂದರೆಂದು 35ನೆಯ ಅಧ್ಯಾಯ ನೆನೆಯುತ್ತದೆ. ಇವೆಲ್ಲವನ್ನೂ ನಾವು ಕಲೆಯ ದೈವಶಾಸ್ತ್ರದಲ್ಲಿ ಉದಾಹರಿಸುತ್ತೇವೆ. ಆದರೆ 38ನೆಯ ಅಧ್ಯಾಯದ ಎಂಟನೆಯ ವಚನವನ್ನು ಹೆಚ್ಚಿನವರು ಗಮನಿಸದೆ ದಾಟಿಹೋಗುತ್ತಾರೆ. ಯಾಜಕರು ಕೈಕಾಲು ತೊಳೆಯುವ ಕಂಚಿನ ತೊಟ್ಟಿಯನ್ನು ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರ ಕನ್ನಡಿಗಳಿಂದ ಮಾಡಲಾಯಿತೆಂದು ಅಲ್ಲಿ ಹೇಳಿದೆ. ಆ ಕಾಲದ ಕನ್ನಡಿ ಎಂದರೆ ಉಜ್ಜಿ ಹೊಳೆಯಿಸಿದ ಕಂಚು.

ಬೆಚಲೇಲನ ಹೆಸರು ಉಳಿಯಿತು. ಅವನ ತಂದೆಯ ಹೆಸರೂ ಅಜ್ಜನ ಹೆಸರೂ ಉಳಿದವು. ಕನ್ನಡಿ ಕೊಟ್ಟ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರೂ ಉಳಿಯಲಿಲ್ಲ. ಅವರು ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ಇದ್ದರು. ಆದರೂ ಆರೋನನೂ ಅವನ ಮಕ್ಕಳೂ ಬಲಿಪೀಠದ ಬಳಿಗೆ ಹೋಗುವ ಮುನ್ನ ಆ ಹೆಣ್ಣುಮಕ್ಕಳ ಮುಖ ಕಂಡ ಕಂಚಿನಲ್ಲಿಯೇ ಕೈ ತೊಳೆಯಬೇಕಿತ್ತು. ಹೆಸರಿಲ್ಲದವರು ಕೊಟ್ಟದ್ದರಲ್ಲಿ ಶುದ್ಧರಾಗದೆ ಯಾಜಕರಿಗೆ ದೇವರ ಸನ್ನಿಧಿಯಿರಲಿಲ್ಲ.

ಬಲಿಪೂಜೆಯಲ್ಲಿ ಕಾಣಿಕೆಯರ್ಪಣೆಯ ತರುವಾಯ ನಾವೂ ಕೈ ತೊಳೆಯುತ್ತೇವೆ. ನಾಲ್ಕು ಹನಿ ನೀರು, ಒಂದು ಸಣ್ಣ ವಸ್ತ್ರ, ಕೆಲವು ಕ್ಷಣಗಳ ಕ್ರಿಯೆ. ತಾಂಡಾದ ಕಟ್ಟೆಯ ಮೇಲೆ ಕುಳಿತು ಸಂಜೆಯ ಬೆಳಕಿನಲ್ಲಿ ಗಾಜಿನ ಬಿಲ್ಲೆಗೆ ದಾರ ಸುತ್ತುವ ಕೈಗಳನ್ನು ಆ ಕ್ಷಣದಲ್ಲಿ ನೆನೆಯುವ ಯಾಜಕನಿಗೆ, ಮುಂದಿನ ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪದ ದಾರಿಯಲ್ಲಿ ಏನನ್ನು ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.